ಬಿಸಿಲೇರುವ ಮುನ್ನ ಮೇಣ ಕೆರೆಯುವ ಬೂದೆಮ್ಮ

ಈಸ್ಟರ್ ಮರುದಿನದ ಸೋಮವಾರ, ಬೆಳಗಿನ ಐದೂವರೆ. ರಾಯಚೂರಿನ ಅಂಚಿನ ಕ್ರೈಸ್ತ ಸ್ಮಶಾನದಲ್ಲಿ ಬೂದೆಮ್ಮ ಗೋರಿಯೊಂದರ ಮೇಲೆ ಬಗ್ಗಿ, ತೆಂಗಿನ ಚಿಪ್ಪಿನ ಚೂರಿನಿಂದ ಗಟ್ಟಿಯಾದ ಮೇಣ ಕೆರೆಯುತ್ತಿದ್ದಾರೆ. ಕೆರೆತಕ್ಕೊಂದು ಬೈಗುಳ.

"ಇಷ್ಟುದ್ದ ಕಲ್ಲು ಅದ. ಮೇಣಬತ್ತಿ ಹೆಸರಿನ ಮ್ಯಾಲೇ ಹಚ್ಚಬೇಕಾ ಇವರು?"

ಭಾನುವಾರ ನಸುಕಿನಲ್ಲಿ ಚರ್ಚಿನ ಸಭೆಯವರೆಲ್ಲ ಇಲ್ಲಿ ಸೇರಿ, ತಮ್ಮವರ ಗೋರಿಗಳಿಗೆ ದೀಪವಿಟ್ಟು, ಪುನರುತ್ಥಾನದ ಹಾಡು ಹಾಡಿ ಹೋಗಿದ್ದಾರೆ. ಇಂದು ಅವರ ಶಾಲೆಗೆ ರಜೆ, ಸಭೆಯ ಕಚೇರಿಗೂ ರಜೆ. ಬೂದೆಮ್ಮನಿಗೆ ಮಾತ್ರ ವರ್ಷದಲ್ಲೇ ಅತಿ ಕಠಿಣವಾದ ದಿನ. ಇನ್ನೂರ ಹದಿನಾಲ್ಕು ಗೋರಿಗಳು. ಗಡುವು ಒಂಬತ್ತು ಗಂಟೆ. ಆಮೇಲೆ ಗೋರಿಯ ಫರಸಿ ಕಲ್ಲು ಕಾದು, ಮೇಣ ಕರಗಿ ಕಲ್ಲಿಗಿಳಿಯುತ್ತದೆ. ಅದರ ಮೇಲೆ ಧೂಳು ಕೂತು ಕೊರೆದ ಅಕ್ಷರಗಳು ಮುಚ್ಚಿಹೋಗುತ್ತವೆ.

ಗುಂಜಹಳ್ಳಿಯಲ್ಲಿ ಹುಟ್ಟಿದ ಬೂದೆಮ್ಮ, ಇಲ್ಲಿ ಗುಂಡಿ ತೋಡುತ್ತಿದ್ದ ಗಂಡ ತೀರಿದ ಮೇಲೆ ಆ ಕೆಲಸಕ್ಕೆ ನಿಂತವರು. ಹತ್ತೊಂಬತ್ತು ವರ್ಷಗಳಾದವು. ಮೊದಲ ವರ್ಷ ತಿಳಿಯದೆ ಮಧ್ಯಾಹ್ನ ಕೆರೆಯಲು ಕೂತು, ಹನ್ನೊಂದು ಹೆಸರುಗಳನ್ನು ಕೆಡಿಸಿದರು. ಆ ಕಲ್ಲುಗಳ ಮುಂದೆ ಇಂದಿಗೂ ತಲೆ ತಗ್ಗಿಸಿ ನಡೆಯುತ್ತಾರೆ.

ಈ ಸಲ ಬತ್ತಿ ನೆಡಲೆಂದು ಸಾಲಿಗೊಂದು ಬುಟ್ಟಿ ಮರಳು ಇಟ್ಟಿದ್ದರು. ಬಂದವರು ಅದನ್ನು ಮಣ್ಣು ಕೊಡಲು ಇಟ್ಟದ್ದೆಂದು ಭಾವಿಸಿ, ಹೂಳುವ ದಿನ ಹಾಕುವಂತೆ ಹಿಡಿ ಹಿಡಿಯಾಗಿ ಗೋರಿಗಳ ಮೇಲೆ ಸುರಿದು, ಕೈಮುಗಿದು ಹೋದರು. ಈಗ ಮೇಣದೊಳಗೆ ಮರಳು.

"ಎದ್ದು ಬಂದಾನ ಅಂತ ಹಾಡತಾರ, ಮತ್ತ ಮ್ಯಾಲೆ ಮಣ್ಣು ಹಾಕತಾರ!"

ಎಂಟೂವರೆಗೆ ದೇವದುರ್ಗದ ಬಸ್ಸಿಳಿದು ಬಂದ ಶಿಕ್ಷಕಿ ಶಶಿಕಲಾ, ಆಗಷ್ಟೇ ಒರೆಸಿಟ್ಟ ತಂದೆಯ ಕಲ್ಲಿನ ಮೇಲೆ ಬತ್ತಿ ಹಚ್ಚಿ ನಿಲ್ಲಿಸುತ್ತಾರೆ.

"ಅಕ್ಕಾರ, ಈಗರೆ ಒರಸೀನ್ರಿ!"

"ನಿನ್ನಿ ಬರಾಕ ಆಗಲಿಲ್ಲ ಯವ್ವಾ. ಇವತ್ತು ರಜಾ ಅದ ಅಂತ ಬಂದೆ."

"ನಿಮ್ಮ ರಜಾ ನನ್ನ ಕುತ್ತಿಗಿಗೆ ಬಂದದ. ಇನ್ನಾ ಮೂವತ್ತು ಕಲ್ಲು ಉಳದಾವು, ಬಿಸಿಲು ನೋಡ್ರಿ."

ಶಶಿಕಲಾ ಬತ್ತಿಯನ್ನು ಬುಟ್ಟಿಯಲ್ಲಿ ಉಳಿದ ಮರಳಿಗೆ ನೆಟ್ಟು, ತಾವೂ ಒಂದು ಚಿಪ್ಪು ಹಿಡಿಯುತ್ತಾರೆ. ಒಂಬತ್ತಕ್ಕೆ ಆರು ಕಲ್ಲು ಉಳಿದಿವೆ. ಬೂದೆಮ್ಮ ಅವುಗಳ ಮೇಲೆ ಹಸಿ ಗೋಣಿಚೀಲ ಹೊದಿಸಿ, ಒಂದೊಂದನ್ನೇ ತೆರೆದು ಕೆರೆಯುತ್ತಾರೆ.

ಕೊನೆಯ ಕಲ್ಲೂ ಮುಗಿದಾಗ ಶಶಿಕಲಾರನ್ನು ಹಿಡಿದು ನಿಲ್ಲಿಸುತ್ತಾರೆ. "ನನಗ ಓದಾಕ ಬರಂಗಿಲ್ರಿ. ಸಾಲ್ಹಿಡದು ಹೆಸರು ಓದ್ರಿ. ಎಲ್ಲಿ ತಡವರಸತೀರಿ, ಅಲ್ಲಿ ಮೇಣ ಉಳದದ."

ಅಂದು ಕೆಟ್ಟ ಹನ್ನೊಂದನ್ನು ಬಿಟ್ಟು, ಉಳಿದ ಇನ್ನೂರ ಮೂರು ಹೆಸರುಗಳನ್ನು ಶಶಿಕಲಾ ಎಲ್ಲೂ ನಿಲ್ಲದೆ ಓದುತ್ತಾರೆ. ಬೂದೆಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಮುಂದಿನ ವರ್ಷ ಸೋಮವಾರ ಬರಬ್ಯಾಡ್ರಿ ಅಕ್ಕಾರ. ಬಂದ್ರ, ಚಿಪ್ಪು ತಗೊಂಡು ಬರ್ರಿ."