ಅಕ್ಕನ ಕಡೆಯ ಕಪ್ಪು ಚೌಕ

ನಾನು ಅಣಕಿಸದೆ ಬಿಟ್ಟವರು ನಮ್ಮ ಕಡೆ ಕಡಿಮೆ. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಮೂಗಿನಿಂದಲೇ ಪಾವಗಡವನ್ನು ಕೂಗುವ ಕಂಡಕ್ಟರು, ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಓನರ್ರು, ಮದುವೆಮನೆಯಲ್ಲಿ ಮೈಕು ಸಿಕ್ಕರೆ ಊಟ ಬಿಡುವ ನನ್ನ ಸ್ವಂತ ಚಿಕ್ಕಪ್ಪ. ಯಾರೂ ಸಿಗದಿದ್ದರೆ ನಾನೇ ಇದ್ದೇನೆ. ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾಗಿ ಅಪ್ಪನ ಮುಂದೆ ನಿಂತಿದ್ದ ನಾನು ಈಗಲೂ ಬಡವನಹಳ್ಳಿ ಕಡೆಯ ಮದುವೆಗಳಲ್ಲಿ ಚೆನ್ನಾಗಿ ಓಡುವ ಐಟಂ. ಆದರೆ ನನ್ನ ಮೊದಲ ಪ್ರೇಕ್ಷಕಿ ಈ ದನಿಗಳಲ್ಲಿ ಒಂದನ್ನೂ ಕೇಳಿದವಳಲ್ಲ. ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ.

ಅವಳನ್ನು ನಗಿಸಬೇಕೆಂದೇ ನಾನು ಚಿಕ್ಕಂದಿನಲ್ಲಿ ಜನರ ನಡಿಗೆ ಕದಿಯಲು ಕಲಿತೆ. ಪಕ್ಕದ ಮನೆಯವರು ಕುಂಟುತ್ತಾ ಬಂದು ಸಕ್ಕರೆ ಕೇಳುವುದು, ಮೇಷ್ಟ್ರು ಪಂಚೆ ಎತ್ತಿ ಕಟ್ಟುವುದು, ಹೀಗೆ. ದನಿ ಆಮೇಲೆ ಬಂತು, ಕಿವಿ ಇದ್ದವರಿಗಾಗಿ. ಅಕ್ಕ ನಕ್ಕರೆ ಎದೆಯ ಆಳದಿಂದ ಒಂದು ಸದ್ದು ಬರುತ್ತದೆ, ಹೂಂ ಎನ್ನುವುದಕ್ಕೂ ಕೆಮ್ಮುವುದಕ್ಕೂ ನಡುವಿನದು. ಊರಿನವರನ್ನೆಲ್ಲ ಅಣಕಿಸುವ ನನಗೆ ಅದನ್ನು ಮಾತ್ರ ಇವತ್ತಿಗೂ ತೆಗೆಯಲು ಬಂದಿಲ್ಲ.

ಎರಡು ವರ್ಷದ ಹಿಂದೆ ಅವಳನ್ನು ಪಾವಗಡದಾಚೆ ರಾಯಚರ್ಲಿಗೆ ಕೊಟ್ಟೆವು. ಭಾವ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸದಲ್ಲಿದ್ದಾರೆ, ಒಳ್ಳೆಯವರು. ನಾನು ಅಣಕಿಸಿದರೂ ಬೇಜಾರು ಮಾಡಿಕೊಳ್ಳದಷ್ಟು ಒಳ್ಳೆಯವರು, ಅದೊಂದೇ ನನಗೆ ಅವರ ಮೇಲಿರುವ ದೂರು. ಮನೆಯ ದೊಡ್ಡ ಫೋನು ಅವರ ಜೊತೆ ಪಾಳಿಗೆ ಹೋಗುತ್ತದೆ. ಅಕ್ಕನದು ಬಟನ್ ಫೋನು. ಅವಳು ಮಾತು ತಿಳಿಯುವುದು ತುಟಿ ನೋಡಿ, ಮಾತಾಡುವುದು ಎರಡೂ ಕೈಯಲ್ಲಿ. ಹಾಗಾಗಿ ನನ್ನ ಹಳೆಯ ಲ್ಯಾಪ್‌ಟಾಪನ್ನು ಅವಳಿಗೆ ಕೊಟ್ಟೆ. ಆ ಮನೆಗೆ ಕೇಬಲ್ಲಿನವನ ವೈಫೈ ಇದೆ. ಪ್ರತಿ ಭಾನುವಾರ ಸಂಜೆ ನಾನು ಜೆರಾಕ್ಸ್ ಅಂಗಡಿಯ ಬಾಗಿಲು ಅರ್ಧ ಎಳೆದು, ಕುರ್ಚಿಗಳನ್ನು ಬದಿಗೆ ಸರಿಸಿ, ಅಂಗಡಿಯ ಕಂಪ್ಯೂಟರಿನ ಮುಂದೆ ಆ ವಾರದ ಜನರನ್ನೆಲ್ಲ ನಡೆದು ತೋರಿಸುತ್ತಿದ್ದೆ. ಪರದೆಯ ಆಚೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ಅಮ್ಮ ನಕ್ಕಂತೆಯೇ, ಆದರೆ ಅಮ್ಮನಿಗಿಂತ ಚೂರು ಹೆಚ್ಚು ಹೊತ್ತು.

ಈ ವರ್ಷ ಒಂದು ಭಾನುವಾರ ಪರದೆಯಲ್ಲಿ ಅವಳ ಕಡೆಯ ಚೌಕ ಕಪ್ಪಾಗಿ ಬಂತು.

ನಾನು ಅವಳಿಗೆ ಕಾಣುತ್ತಿದ್ದೆ. ಅವಳ ಮನೆಯ ಸದ್ದು ನನಗೆ ಕೇಳುತ್ತಿತ್ತು: ಮೇಕೆ ಮರಿ, ಕುಕ್ಕರು, 'ಈ ಪಿಲ್ಲೋಡು ಕುಣಿಯಾಕೆ ಶುರು ಮಾಡ್ದ' ಎಂದು ನನ್ನ ಬಗ್ಗೆ ಅಕ್ಕನ ಅತ್ತೆಯ ತೆಲುಗು ಬೆರೆತ ಗೊಣಗು. ಅಕ್ಕ ಮಾತ್ರ ಇಲ್ಲ. ಕೇಳಿಸಿಕೊಳ್ಳದವಳ ಮನೆಯ ಸದ್ದೆಲ್ಲ ನನಗೆ ಬಂತು, ನೋಡಬೇಕಾದ ಮುಖವೊಂದು ಬರಲಿಲ್ಲ.

ಹಾಳೆಯ ಮೇಲೆ ದಪ್ಪಕ್ಷರದಲ್ಲಿ 'ರೀಸ್ಟಾರ್ಟ್ ಮಾಡು' ಎಂದು ಬರೆದು ಕ್ಯಾಮೆರಾಗೆ ಹಿಡಿದೆ. ಕರೆ ಕಡಿಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಕಪ್ಪು ಚೌಕವೇ. ಬಟನ್ ಫೋನಿನಿಂದ ಮೆಸೇಜು: 'ಮಾಡಿದೆನು.' ಅಕ್ಕ ಕನ್ನಡ ಕಲಿತಿದ್ದು ಪಠ್ಯಪುಸ್ತಕದಿಂದ. ನಮ್ಮ ಐತೆ, ಹೋಯ್ತೈತೆಗಳನ್ನು ಅವಳು ಕೇಳಿಯೇ ಇಲ್ಲ. ಇಡೀ ತಾಲ್ಲೂಕಿನಲ್ಲಿ ಅಷ್ಟು ಶುದ್ಧವಾಗಿ ಬೈಯುವವರು ಇನ್ನೊಬ್ಬರಿಲ್ಲ.

ಯಂತ್ರ ಮಲಗಿ ಏಳುವಾಗ ಅದರ ಕ್ಯಾಮೆರಾದ ಕಣ್ಣು ತೆರೆಯುತ್ತಿಲ್ಲ ಎಂದು ನನಗೆ ಅನುಮಾನ. ಅದನ್ನು ಅಭಿನಯಿಸಿ ತೋರಿಸಿದೆ. ಕೆನ್ನೆಗೆ ಕೈ ಕೊಟ್ಟು ಮಲಗಿದೆ, ಗೊರಕೆ ಹೊಡೆದೆ, ಎದ್ದೆ, ಎರಡೂ ಕಣ್ಣು ಮುಚ್ಚಿಕೊಂಡೇ ಅಂಗಡಿಯಲ್ಲಿ ತಡಕಾಡಿದೆ. ನನ್ನ ಪ್ರಕಾರ ಅದು ನನ್ನ ಜೀವಮಾನದ ಅತ್ಯುತ್ತಮ ಅಭಿನಯ. ಮೆಸೇಜು ಬಂತು: 'ನಿದ್ದೆ ಬಂದರೆ ಮಲಗಿಕೋ. ನನಗಾಗಿ ಕಷ್ಟಪಡಬೇಡ.'

ಹೀಗೆ ಮೂರು ಭಾನುವಾರ. ಮದುವೆಮನೆಯಲ್ಲಿ ಐನೂರು ಜನ ನಗದೆ ಕುಳಿತರೂ ನಾನು ಹೆದರಿದವನಲ್ಲ, ಯಾಕೆಂದರೆ ನಗದ ಮುಖವೂ ಮುಖವೇ. ಕಪ್ಪು ಚೌಕದ ಮುಂದೆ ನನ್ನ ಕಂಡಕ್ಟರು ಅರ್ಧಕ್ಕೇ ನಿಂತುಬಿಡುತ್ತಿದ್ದ. ಎದೆಯ ಆಳದ ಆ ಸದ್ದು ಒಮ್ಮೊಮ್ಮೆ ಬರುತ್ತಿತ್ತು. ಅದು ನಗುವೋ, ನಿಜವಾದ ಕೆಮ್ಮೋ, ಇನ್ನೇನೋ? ಮುಖವಿಲ್ಲದೆ ಹೇಗೆ ಹೇಳುವುದು.

ನಾಲ್ಕನೇ ವಾರ ಶಿರಾಕ್ಕೆ ಹೋದೆ. ಆ ಲ್ಯಾಪ್‌ಟಾಪನ್ನು ನಾನು ಸೆಕೆಂಡ್‌ಹ್ಯಾಂಡಲ್ಲಿ ಕೊಂಡಿದ್ದು ಅಲ್ಲಿನ ರಿಪೇರಿ ಅಂಗಡಿಯ ಭಾಯ್ ಹತ್ತಿರ. ನಾನು ಹೇಳಿದ್ದನ್ನೆಲ್ಲ ಅವರು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಳ್ಳುತ್ತಾ ಕೇಳಿದರು. ಹಾರ್ಡ್‌ವೇರ್ ಹೋಗಿಲ್ಲ ಎಂದರು. ಮುಚ್ಚಳ ಮುಚ್ಚಿದರೆ ಮಿಷನ್ ಮಲಗುತ್ತದೆ, ಮಲಗುವಾಗ ಚಾರ್ಜ್ ಉಳಿಸಲು ಕ್ಯಾಮೆರಾಗೆ ಹೋಗುವ ಕರೆಂಟ್ ನಿಲ್ಲಿಸುತ್ತದೆ, ಎದ್ದ ಮೇಲೆ ಮತ್ತೆ ಕೊಡುವುದನ್ನು ಮರೆಯುತ್ತದೆ. ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆಯಬೇಕು, ಮುಚ್ಚಿದರೂ ಮಲಗದಂತೆ ಮಾಡಬೇಕು, ಅಷ್ಟೇ.

"ಮಿಷನ್ ತಂದ್ಬುಡು, ಚಾ ಕುಡಿಯೋದ್ರಲ್ಲಿ ಮಾಡ್ಕೊಡ್ತೀನಿ" ಎಂದರು.

ಅದು ಅಕ್ಕನ ಮನೆಯಲ್ಲಿದೆ, ರಾಯಚರ್ಲಿನಲ್ಲಿ, ಎಂದೆ.

ಭಾಯ್ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಶಿರಾಕ್ ಬರೋಕೆ ಟೈಮ್ ಐತೆ. ಅಕ್ಕನ ತಾವ ಹೋಗೋಕೆ ಇಲ್ವೇನಪ್ಪಾ?"

ಬಸ್ಸಿನಲ್ಲಿ ಮಧುಗಿರಿಗೆ ಮರಳುವಾಗ ಭಾಯ್ ದನಿಯಲ್ಲಿ ಆ ಮಾತನ್ನು ಮೆಲ್ಲಗೆ ಹೇಳಿ ನೋಡಿಕೊಂಡೆ. ದನಿ ಸರಿಯಾಗಿಯೇ ಬಂತು.

ನಿಜ ಹೇಳಬೇಕೆಂದರೆ ರಾಯಚರ್ಲಿಗೆ ಹೋಗುವುದು ನನಗೆ ಕಷ್ಟವಲ್ಲ, ಎರಡು ಬಸ್ಸು. ವಾಪಸು ಬರುವುದು ಕಷ್ಟ. ಮದುವೆಯಾದ ಹೊಸತರಲ್ಲಿ ಒಮ್ಮೆ ಹೋಗಿದ್ದೆ. ಹೊರಡುವಾಗ ಅವಳು ರಸ್ತೆಯವರೆಗೆ ಬಂದಳು. ಬೇರೆಯವರಾದರೆ ಬಸ್ಸು ಹೊರಟ ಮೇಲೂ ಕೂಗಿ ಏನಾದರೂ ಹೇಳಬಹುದು. ನಮ್ಮದು ಕೈಮಾತು. ಕಿಟಕಿಯ ಕಂಬಿಗಳ ನಡುವೆ ನನ್ನ ಕೈ ಪೂರ್ತಿ ಆಡಲಿಲ್ಲ, ಅವಳು ಬಸ್ಸಿನ ಜೊತೆ ನಡೆಯುತ್ತಾ 'ಏನು? ಏನು?' ಎಂದು ಬೆರಳು ತಿರುಗಿಸುತ್ತಿದ್ದಳು. ಬಸ್ಸು ತಿರುಗಿತು. ನಾನು ಹೇಳುತ್ತಿದ್ದುದು ದೊಡ್ಡದೇನಲ್ಲ, ಒಳಗೆ ಹೋಗು, ಬಿಸಿಲು ಎಂದು ಅಷ್ಟೇ. ಅದಾದ ಮೇಲೆ ಮದುವೆ ಕಾರ್ಯಕ್ರಮ, ಅಂಗಡಿ ಎಂದು ನೆವ ಹೇಳಿಕೊಂಡು ಪರದೆಯಲ್ಲೇ ಸುಖವಾಗಿದ್ದೆ. ಪರದೆಯಲ್ಲಾದರೆ ಕೆಂಪು ಗುಂಡಿ ಒತ್ತಿದರಾಯಿತು, ಯಾರೂ ಜೊತೆಯಲ್ಲಿ ನಡೆದು ಬರುವುದಿಲ್ಲ.

ಮುಂದಿನ ಭಾನುವಾರ ಮೆಸೇಜೂ ಮಾಡದೆ ಹೊರಟೆ. ಪಾವಗಡ ದಾಟಿದ ಮೇಲೆ ಎರಡೂ ಬದಿ ಪ್ಯಾನೆಲ್ಲುಗಳು, ಎಲ್ಲವೂ ಒಂದೇ ಕಡೆ ಮುಖ ಮಾಡಿಕೊಂಡು ಕುಳಿತಿದ್ದವು. ಇಂಥ ಪ್ರೇಕ್ಷಕರು ನನಗೆ ಸಿಕ್ಕಿದ್ದರೆ, ಅಂದುಕೊಂಡೆ.

ಅಕ್ಕ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನ ನೆರಳು ಮೊರದ ಮೇಲೆ ಬಿದ್ದಾಗ ತಲೆ ಎತ್ತಿದಳು. ಮೊದಲು ಒಂದು ಸಿಪ್ಪೆ ನನ್ನ ಮೇಲೆ ಎಸೆದಳು. ಆಮೇಲೆ ಮೊರವನ್ನೇ ಬದಿಗಿಟ್ಟಳು.

ಲ್ಯಾಪ್‌ಟಾಪು ಒಳಗೆ ಟ್ರಂಕಿನ ಮೇಲೆ ಮುಚ್ಚಿಕೊಂಡಿತ್ತು, ಮೇಲೊಂದು ಹೂವಿನ ಕಸೂತಿಯ ಬಟ್ಟೆ. ರೀಸ್ಟಾರ್ಟ್ ಮಾಡಿ ತೋರಿಸು ಎಂದೆ. ಅಕ್ಕ ಶ್ರದ್ಧೆಯಿಂದ ಮುಚ್ಚಳ ತೆರೆದು, ಮತ್ತೆ ಮುಚ್ಚಿ, ಗೋಡೆಯ ಸ್ವಿಚ್ಚು ಆರಿಸಿ, ಹಾಕಿ, ಮುಚ್ಚಳ ತೆರೆದಳು. ಇದೇ ಆ 'ಮಾಡಿದೆನು'. ಕೆಲಸ ಮುಗಿದಾಗಲೆಲ್ಲ ಆಫ್ ಮಾಡದೆ ಹೀಗೇ ಮುಚ್ಚಿಡುತ್ತೀರಾ ಎಂದು ಕೇಳಿದ್ದಕ್ಕೆ ಅತ್ತೆ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು.

"ಏಮಯ್ಯಾ, ನಿಮ್ ಮಧುಗಿರೀಲಿ ಮಲಗಿ ಎದ್ಮೇಲೆ ಚಾಪೆ ಸುತ್ತಿಡಲ್ವಾ? ಇದೂ ಅಂಗೇ. ಹಾಸಿದ್ದನ್ನ ಹಾಸ್ದಂಗೇ ಬಿಡಬಾರ್ದು."

ಅಂದರೆ ಎರಡು ವರ್ಷದಿಂದ ಈ ಮನೆಯಲ್ಲಿ ಲ್ಯಾಪ್‌ಟಾಪು ಒಂದು ದಿನವೂ ಸರಿಯಾಗಿ ಆಫ್ ಆಗಿರಲಿಲ್ಲ. ಮಲಗುವುದು, ಏಳುವುದು, ಮಲಗುವುದು. ಇಷ್ಟು ದಿನ ಹೇಗೋ ಏಳುತ್ತಿತ್ತು. ಈ ನಡುವೆ ಯಾವುದೋ ಅಪ್‌ಡೇಟ್ ಬಂದು ಕಣ್ಣು ಬಿಡುವುದನ್ನು ಮರೆತಿತ್ತು. ಭಾಯ್ ಹೇಳಿದ ಟಿಕ್ ಹುಡುಕಿ ತೆಗೆದೆ. ಮುಚ್ಚಿದರೂ ಮಲಗದಂತೆ ಮಾಡಿದೆ. ನಿಜವಾದ ರೀಸ್ಟಾರ್ಟ್ ಎಲ್ಲಿದೆ ಎಂದು ಅಕ್ಕನ ಬೆರಳು ಹಿಡಿದು ತೋರಿಸಿದೆ. ಆಮೇಲೆ ಅತ್ತೆಯನ್ನು ಕರೆದು, ಚಾಪೆ ಸುತ್ತಿಬಿಡಿ ಎಂದೆ. ಅವರು ಮುಚ್ಚಳ ಮುಚ್ಚಿ, ಬಟ್ಟೆ ಹೊದಿಸಿ, ನನ್ನನ್ನು ಅನುಮಾನದಿಂದ ನೋಡಿದರು. ತೆರೆದರೆ ಪರದೆಯ ಮೇಲಂಚಿನಲ್ಲಿ ಕ್ಯಾಮೆರಾದ ಬಿಳಿ ದೀಪ, ಕೆಳಗೆ ಚೌಕದಲ್ಲಿ ಮೂವರೂ ಇದ್ದೆವು.

ಹತ್ತು ನಿಮಿಷದ ಕೆಲಸ. ಇದಕ್ಕೆ ನಾನು ತಿಂಗಳು ತೆಗೆದುಕೊಂಡಿದ್ದೆ.

ಇನ್ನು ವಾರದ ಜನರನ್ನು ತೋರಿಸು ಎಂದು ಅಕ್ಕ ಕೈ ಮಾಡಿದಳು. ನಾನು ಎದ್ದು ನಿಂತೆ. ಎದುರಿಗೇ ಅವಳ ಮುಖವಿತ್ತು, ಬೇಕಾದಷ್ಟು ಹತ್ತಿರ. ಕಂಡಕ್ಟರು ಮೈಗೆ ಬರಲಿಲ್ಲ, ಚಿಕ್ಕಪ್ಪನೂ ಬರಲಿಲ್ಲ.

ಅವಳು ನನ್ನನ್ನು ಹಿಡಿದು ಕೂರಿಸಿ, ತಾನು ಎದ್ದಳು. ಎರಡು ಹೆಜ್ಜೆ ನನ್ನ ಕಂಡಕ್ಟರಂತೆ ನಡೆದು ಗಕ್ಕನೆ ನಿಂತಳು. ಮುಂದಕ್ಕೆ ಬಗ್ಗಿ, ಹಣೆಗೆ ಕೈ ಅಡ್ಡ ಹಿಡಿದು, ಕತ್ತು ಅತ್ತಿತ್ತ ತಿರುಗಿಸಿ, ಬಾವಿಗೆ ಬಿದ್ದ ಕೊಡವನ್ನು ಹುಡುಕುವವರಂತೆ ನನ್ನ ಮುಖದೊಳಗೆ ಇಣುಕಿದಳು. ಬಾಯಿ ಅರ್ಧ ತೆರೆದಿತ್ತು. ಆಮೇಲೆ ಹೆಗಲು ಇಳಿಸಿ ಹಿಂದೆ ಸರಿದು, ಏನೂ ಆಗಿಲ್ಲವೆಂಬಂತೆ ಮತ್ತೆ ಎರಡು ಹೆಜ್ಜೆ.

ಅದು ಯಾರೆಂದು ತಿಳಿಯಲು ನನಗೆ ಚೂರು ಹೊತ್ತು ಹಿಡಿಯಿತು. ಕಪ್ಪು ಚೌಕದ ಮುಂದೆ ನಾನು ಹಾಗಿದ್ದೆ. ನನಗೆ ಅವಳು ಕಾಣದ ಮೂರು ಭಾನುವಾರ ಅವಳು ಅದನ್ನೇ ನೋಡಿಕೊಂಡು ಕುಳಿತಿದ್ದಳು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. "ಅಂಗೇ ಐತೆ ಕಣಮ್ಮ, ಅಚ್ಚು ಅವನೇ."

ಸಂಜೆ ಅಕ್ಕ ರಸ್ತೆಯವರೆಗೆ ಬಂದಳು. ಈ ಸಲ ನಾನು ಕಿಟಕಿಯ ಹತ್ತಿರ ಕೂರದೆ ಬಾಗಿಲ ಮೆಟ್ಟಿಲ ಮೇಲೆ ನಿಂತೆ. ಕಂಡಕ್ಟರು ಒಳಗೆ ಬಾರಲೇ ಎಂದು ಬೈದರು, ಮೂಗಿನಿಂದಲೇ. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಗ್ಗಿ ನೋಡಿದೆ. ರಸ್ತೆಯಲ್ಲಿ ಅವಳೂ ಹಣೆಗೆ ಕೈ ಹಿಡಿದು ಬಗ್ಗಿದಳು. ಬಸ್ಸು ತಿರುಗುವವರೆಗೂ ಹಾಗೇ ಇದ್ದೆವು.