ಗಿಂಕಾಳ ತೂಕ, ಸ್ಪಾಸ್‌ನ ಸೊಂಟ

ರೊದೋಪಿ ಬೆಟ್ಟದ ಆ ಸಣ್ಣ ಊರಿಗೆ ಗಿಂಕಾ ಇಪ್ಪತ್ತೆಂಟು ವರ್ಷಗಳಿಂದ ಅಂಚೆ ಹಂಚುತ್ತಿದ್ದಳು. ಊರಿನ ಓಣಿಗಳೆಲ್ಲ ಮೆಟ್ಟಿಲೇ. ಹೆಗಲಿಗೆ ಚೀಲ ಏರಿಸಿ ದಿನವಿಡೀ ಹತ್ತಿಳಿಯುವುದು ಅವಳಿಗೆ ಒಂದು ಲೆಕ್ಕವೇ ಅಲ್ಲ. ಹುಡುಗಿಯಾಗಿದ್ದಾಗ ಗುಂಡು ಎಸೆತದಲ್ಲಿ ಜಿಲ್ಲೆಗೇ ಮೊದಲಿಗಳಾಗಿದ್ದವಳು, ಐವತ್ತೆರಡು ತುಂಬಿದ ಮೇಲೂ ಮನೆಯ ಸೌದೆಯನ್ನು ತಾನೇ ಒಡೆಯುತ್ತಿದ್ದಳು. ಗಂಡ ಸ್ಪಾಸ್ ಗಡಿಯಾರ ರಿಪೇರಿಯವನು. ಕಡ್ಡಿಯಂಥ ಕೈಕಾಲು, ಸಂಜೆಯವರೆಗೆ ಕೂತಲ್ಲೇ ಕೆಲಸ, ಪಕ್ಕದಲ್ಲಿ ಸದಾ ಚೀಸ್ ತುಂಬಿದ ಬಿಸಿ ಬಾನಿತ್ಸಾ.

ಮೇ ತಿಂಗಳಲ್ಲಿ ಇಬ್ಬರೂ ವರ್ಷದ ತಪಾಸಣೆಗೆ ಹೋದರು. ನರ್ಸ್ ಎತ್ತರ, ತೂಕ ನೋಡಿ ಒಂದೊಂದು ಚೀಟಿ ಕೊಟ್ಟಳು. ಸ್ಪಾಸ್‌ನ ಚೀಟಿಯಲ್ಲಿ ‘ಬಿಎಂಐ 23.9, ಆರೋಗ್ಯಕರ ತೂಕ’ ಎಂದಿತ್ತು. ಗಿಂಕಾಳದ್ದರಲ್ಲಿ ‘31.1, ಬೊಜ್ಜು’.

ಸ್ಪಾಸ್ ತನ್ನ ಚೀಟಿಯನ್ನು ಅಂಗಡಿಯ ಗಾಜಿಗೆ ಅಂಟಿಸಿದ. “ನೋಡೇ ಗಿಂಕಾ, ನಾನು ಆರೋಗ್ಯವಂತ ಅಂತ ಬರ್ದೇ ಕೊಟ್ಟಿದ್ದಾರೆ!”

“ಹೌದಪ್ಪಾ, ಜಾಡಿ ಮುಚ್ಚಳ ಬಿಚ್ಚೋಕೆ ಮಾತ್ರ ನಾನೇ ಬೇಕು ನಿಂಗೆ.”

ಬಾಯಲ್ಲಿ ಹಾಗೆಂದರೂ ಆ ಒಂದು ಪದ ಅವಳನ್ನು ಕೊರೆಯತೊಡಗಿತು. ಒಂದು ವಾರ ಮೊಸರು, ಸೌತೆಕಾಯಿಯಲ್ಲೇ ಕಳೆದಳು. ಗುರುವಾರ ಮೇಲಿನ ಓಣಿಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಚೀಲದ ಸಮೇತ ಕುಸಿದು ಕೂತಳು. ಇಪ್ಪತ್ತೆಂಟು ವರ್ಷದಲ್ಲಿ ಹೀಗಾದದ್ದು ಅದೇ ಮೊದಲು. ಸುಧಾರಿಸಿಕೊಂಡು ಉಳಿದ ಪತ್ರಗಳನ್ನು ಹಂಚಿದವಳೇ, ನೇರ ಡಾಕ್ಟರ್ ಮ್ಲಾದೆನೋವಾ ಎದುರು ಹೋಗಿ ಚೀಟಿಯನ್ನು ಮೇಜಿಗೆ ಕುಕ್ಕಿದಳು.

“ಏನಿದು ಡಾಕ್ಟರೇ? ನಾನೇನು ಕೂತು ತಿನ್ನೋಳಾ?”

ಡಾಕ್ಟರಮ್ಮ ಮೊದಲು ಅವಳಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿನ್ನಿಸಿ, ಆಮೇಲೆ ಪೆನ್ನು ತೆಗೆದುಕೊಂಡರು. “ತೂಕಾನ ಎತ್ತರದಿಂದ ಎರಡು ಸಲ ಭಾಗಿಸೋದು, ಅಷ್ಟೇ ಲೆಕ್ಕ. ನಿಮ್ಮದು ತೊಂಬತ್ತು ಕಿಲೋ, ಒಂದು ಮೀಟರ್ ಎಪ್ಪತ್ತು. ಹದಿನೆಂಟೂವರೆಯಿಂದ ಇಪ್ಪತ್ತೈದರೊಳಗೆ ಬಂದ್ರೆ ಸರಿ, ಮೂವತ್ತು ದಾಟಿದ್ರೆ ಬೊಜ್ಜು. ಆದ್ರೆ ತಕ್ಕಡಿಗೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಗೊತ್ತಾಗಲ್ಲ ಗಿಂಕಕ್ಕ.”

“ಹಾಗಾದ್ರೆ ಈ ಲೆಕ್ಕ ಸುಳ್ಳಾ?”

“ಸುಳ್ಳಲ್ಲ. ಸುಮಾರು ಜನರಿಗೆ ಸರಿಯಾಗೇ ಸುಳಿವು ಕೊಡುತ್ತೆ. ಅದೊಂದನ್ನೇ ನಂಬ್ಕೊಂಡು ಕೂರಬಾರದು, ಅಷ್ಟೆ.”

ಟೇಪು ತಂದು ಸೊಂಟ ಅಳೆದರು. ಎಂಬತ್ತನಾಲ್ಕು ಸೆಂಟಿಮೀಟರ್, ಎತ್ತರದ ಅರ್ಧಕ್ಕಿಂತ ಕಡಿಮೆ; ಅರ್ಧ ದಾಟದಿದ್ದರೆ ಚಿಂತೆಯಿಲ್ಲ ಎಂದರು. ರಕ್ತದೊತ್ತಡ, ಸಕ್ಕರೆ ಎರಡೂ ಚೆನ್ನಾಗಿದ್ದವು. “ಉಪವಾಸ ಬಿಡಿ. ತೂಕ ಇನ್ನು ಏರದ ಹಾಗೆ ನೋಡ್ಕೊಳ್ಳಿ ಸಾಕು.”

ಗಿಂಕಾಳ ಮುಖ ಅರಳಿತು. “ನಮ್ಮನೆಯ ಆರೋಗ್ಯವಂತನ್ನೂ ಒಂದ್ಸಲ ಅಳೀತೀರಾ?”

ಮರುದಿನ ಸ್ಪಾಸ್ ಹೊಟ್ಟೆ ಒಳಗೆಳೆದುಕೊಂಡು ನಿಂತ.

“ಉಸಿರು ಬಿಡಿ ಸ್ಪಾಸಣ್ಣ.”

“ಬಿಟ್ಟೆ.”

“ಎಲ್ಲಿ ಬಿಟ್ಟಿದ್ದಾನೆ, ಕಿವಿ ಕೆಂಪಾಗಿದೆ ನೋಡಿ!” ಎಂದು ಗಿಂಕಾ ನಕ್ಕಳು.

ಉಸಿರು ಬಿಟ್ಟಾಗ ಸೊಂಟ ತೊಂಬತ್ತೆಂಟು. ಎತ್ತರದ ಅರ್ಧಕ್ಕಿಂತ ಹತ್ತು ಸೆಂಟಿಮೀಟರ್ ಹೆಚ್ಚು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಹೊಸ್ತಿಲಲ್ಲೇ ನಿಂತಿರುವುದು ತಿಳಿಯಿತು. ತೆಳ್ಳಗಿದ್ದವರ ಹೊಟ್ಟೆಯಲ್ಲೂ ಕೊಬ್ಬು ಅಡಗಿ ಕೂತಿರುತ್ತದೆ, ಈಗಲೇ ಓಡಾಡಿದರೆ ಕಾಯಿಲೆಯನ್ನು ಹಿಂದೆ ತಳ್ಳಬಹುದು ಎಂದರು ಡಾಕ್ಟರಮ್ಮ. ಸ್ಪಾಸ್ ಸಪ್ಪಗಾದ. ಗಿಂಕಾ ಅಣಕಿಸಲಿಲ್ಲ; ದಾರಿಯುದ್ದಕ್ಕೂ ಅವನ ತೋಳು ಹಿಡಿದುಕೊಂಡೇ ಮನೆಗೆ ಕರೆತಂದಳು.

ಸೋಮವಾರದಿಂದ ಅಂಗಡಿ ತೆರೆಯುವ ಮುಂಚೆ ಅವನೂ ಅಂಚೆಯ ಜೊತೆ ಹೊರಟ. ಮೊದಲ ವಾರ ಹತ್ತು ಮೆಟ್ಟಿಲಿಗೊಮ್ಮೆ “ಕೊಲ್ತೀಯೇನೇ ನನ್ನ!” ಎಂದು ಕೂಗಾಡಿದ. ಬಾನಿತ್ಸಾ ಭಾನುವಾರಕ್ಕೆ ಮಾತ್ರ ಎಂದಾಯಿತು. ಜುಲೈ ಹೊತ್ತಿಗೆ ಮೇಲಿನ ಓಣಿಯ ಮುದುಕಿಯರಿಗೆಲ್ಲ ಅವನ ಜೊತೆ ಸಲಿಗೆ ಬೆಳೆಯಿತು; ನಿಂತುಹೋದ ಗೋಡೆ ಗಡಿಯಾರಗಳನ್ನು ಹಿಡಿದು ಅವರು ಬಾಗಿಲಲ್ಲೇ ಕಾಯುತ್ತಿದ್ದರು.

ಸೆಪ್ಟೆಂಬರಿನಲ್ಲಿ ಸೊಂಟ ತೊಂಬತ್ತೊಂದಕ್ಕೆ ಬಂತು, ಸಕ್ಕರೆಯೂ ಇಳಿಯಿತು. ಆ ಸಂಜೆ ಇಬ್ಬರೂ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿಯುತ್ತಾ, ಮಾರನೆಯ ದಿನ ಯಾವ ಓಣಿಯಿಂದ ಶುರುಮಾಡುವುದೆಂದು ಜಗಳವಾಡಿದರು.