ಅಕ್ಕನ ಅಳತೆಯ ಕವಚ

ಹೋದ ವರ್ಷ ಸುರಪುರದ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅಕ್ಕನ ಮಗಳು ವೇದಿಕೆ ಹತ್ತಿ, ಒಂದು ಮಾತೂ ಆಡದೆ, ಅತ್ತು ಇಳಿದು ಬಂದಿದ್ದಳು. ಈ ವರ್ಷ ಮತ್ತೆ ಹತ್ತಲು ಅವಳು ಒಪ್ಪಿದ್ದು ಒಂದೇ ಕರಾರಿನ ಮೇಲೆ: ಸೂಪರ್‌ಹೀರೋ ವೇಷ ಆಗಬೇಕು, ಕವಚವನ್ನು ಚಿಗವ್ವನೇ ಮಾಡಿಕೊಡಬೇಕು. ಚಿಗವ್ವ ಅಂದರೆ ನಾನು.

ನಾನು ಶಹಾಪುರದಲ್ಲಿ ಅವ್ವನ ಜೊತೆ ಇರುತ್ತೇನೆ. ಯಾದಗಿರಿಗೆ ಹೋದಾಗ ನೆಲಕ್ಕೆ ಹಾಸುವ ಫೋಮ್ ಚಾಪೆಗಳನ್ನು ತಂದೆ. ಅವು ಹಗುರ, ಬ್ಲೇಡಿಗೆ ಸಲೀಸಾಗಿ ಸಿಗುತ್ತವೆ, ಬಿಸಿ ಮಾಡಿದರೆ ಬಾಗುತ್ತವೆ. ಅಳತೆ ಕಳಿಸು ಎಂದು ಅಕ್ಕನಿಗೆ ಫೋನ್ ಮಾಡಿದೆ. ನಮ್ಮ ಮನೆಗಳಲ್ಲಿ ಅಳತೆ ಎಂದರೆ ಟೇಪಿನ ಲೆಕ್ಕವಲ್ಲ, ಮೈಗೆ ಸರಿಯಾಗಿ ಕೂಡುವ ಒಂದು ಹಳೆಯ ಬಟ್ಟೆ. ಮರುದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ಬಂತು. ಬಿಚ್ಚಿದರೆ ಒಳಗಿದ್ದದ್ದು ಅಕ್ಕನ ಹಸಿರು ಕುಪ್ಪಸ.

“ತಪ್ಪಿ ನಿನ್ನ ಕುಪ್ಪಸ ಕಳಿಸೀದಿ,” ಎಂದೆ ಫೋನಿನಲ್ಲಿ.

“ತಪ್ಪಿಲ್ಲ.”

“ಆಕಿ ಇದರಾಗ ಮುಳುಗಿ ಹೋಗ್ತಾಳ.”

“ಗೊತ್ತದ. ಅದೇ ಅಳತಿಗೆ ಮಾಡು. ಭುಜದ ಹತ್ರ ಒಂಚೂರು ಸಡಿಲ ಬಿಡು, ಕೈ ಮ್ಯಾಲ ಎತ್ತಾಕ ಬರಬೇಕು.” ಹಾಲು ಉಕ್ಕಾಕತ್ತದ ಎಂದು ಫೋನ್ ಇಟ್ಟಳು.

ಕೈ ಎತ್ತುವವರು ಯಾರು? ಅಕ್ಕನೇ? ಅತ್ತೆಯ ಎದುರು ತಲೆ ಮೇಲಿನ ಸೆರಗು ಜಾರಗೊಡದ ನನ್ನ ಅಕ್ಕ? ಹಾಗಿದ್ದರೆ ಹುಡುಗಿಯ ಗತಿ ಏನು? ಈ ಸಲವೂ ಅತ್ತು ಇಳಿದರೆ ಅವಳು ಮತ್ತೆ ಯಾವತ್ತೂ ಹತ್ತುವುದಿಲ್ಲ ಎಂಬ ಹೆದರಿಕೆ ನನಗಿತ್ತು. ಆದರೂ ತಿರುಗಿ ಫೋನ್ ಮಾಡಲಿಲ್ಲ. ಒಂದೇ ಮಾತನ್ನು ಯಾರಾದರೂ ಎರಡು ಸಲ ಕೇಳಿದರೆ ನನಗೇ ಸೇರುವುದಿಲ್ಲ.

ಚಾಪೆಯನ್ನು ಕುಪ್ಪಸದ ಅಳತೆಗೆ ಕತ್ತರಿಸಿದೆ. ಮೇಲೆ ಹಳೆಯ ಪಂಜೆ ಹಾಸಿ ಇಸ್ತ್ರಿಯಿಂದ ಕಾಯಿಸಿ, ಎದೆಯ ಬಾಗು ಬರಲೆಂದು ಹಿತ್ತಾಳೆ ಕೊಡಕ್ಕೆ ಒತ್ತಿ ಹಿಡಿದೆ.

“ಕೊಡಕ್ಕ ಯಾಕ ಕುಪ್ಪಸ ತೊಡಸಾಕತ್ತಿ?” ಅವ್ವ ಕೇಳಿದಳು. “ಯಾರಿಗಿದು?”

“ಗೊತ್ತಿಲ್ಲ.”

“ಎಮ್ಮೆಸ್ಸಿ ಮಾಡ್ಯಾಳ ನೋಡ್ರಿ! ಯಾರಿಗಿ ಅನ್ನೂದ ಗೊತ್ತಿಲ್ಲಂತ.”

ಬೆಳ್ಳಿ ಬಣ್ಣ ಒಣಗಿದ ಮೇಲೆ ಕವಚವನ್ನು ಚಾದರದಲ್ಲಿ ಸುತ್ತಿ ಸುರಪುರಕ್ಕೆ ಒಯ್ದೆ. ಹುಡುಗಿ ಅತ್ತಾಳು ಅಂದುಕೊಂಡಿದ್ದೆ. ಅವಳು ಬಿಚ್ಚಿ ನೋಡಿ ಒಳಗೆ ಓಡಿದಳು. “ಅವ್ವಾ, ನಿಂದು ಬಂತು!”

“ಮತ್ತ ನಿಂದು?” ಎಂದೆ.

“ನನಗ್ಯಾಕ? ನಾ ಮಾತಾಡಾಕಿ. ಕವಚ ಹಾಕ್ಕೊಂಡೋರು ಮುಂದ ನಿಂತ್ರ ಹಿಂದಿನೋರಿಗಿ ಏನೂ ಆಗಂಗಿಲ್ಲ ಚಿಗವ್ವ. ಅಷ್ಟೂ ತಿಳಿಯಂಗಿಲ್ಲೇನು?”

ನನಗೆ ನಿಜವಾಗಿ ತಿಳಿದಿರಲಿಲ್ಲ. ಅಕ್ಕ ಸೀರೆಯ ಮೇಲೆ ಕವಚ ತೊಟ್ಟು ಬಂದಳು. ಅವಳ ಅತ್ತೆ ಬಹಳ ಹೊತ್ತು ನೋಡಿ, “ಸೆರಗು ಒಳಗೋ ಹೊರಗೋ?” ಎಂದರು. ಅಕ್ಕ ಸೆರಗನ್ನು ಹೊರಗೆಳೆದು ತಲೆಗೆ ಹೊದ್ದುಕೊಂಡಳು.

ಇಬ್ಬರೂ ವೇದಿಕೆ ಹತ್ತಿದಾಗ ಎದುರು ಕೂತ ಜನ ನಕ್ಕರು. ಅಕ್ಕ ಬಲಗೈ ಎತ್ತಿ ಅಲ್ಲಾಡದೆ ನಿಂತಳು. ಭುಜ ಎಲ್ಲೂ ಹಿಡಿಯಲಿಲ್ಲ. ಅವಳ ಬೆನ್ನ ಹಿಂದಿನಿಂದ ಮೊದಲು ಧ್ವನಿ ಬಂತು, ಆಮೇಲೆ ಅರ್ಧ ಮುಖ. ಕೊನೆಯ ಮಾತಿಗೆ ಹುಡುಗಿ ತಾಯಿಯನ್ನು ಬದಿಗೆ ಸರಿಸಿ ಮುಂದೆ ಬಂದು ನಿಂತಿದ್ದಳು.

ಅಲ್ಲಿಗೆ ಕವಚದ ಕೆಲಸ ಮುಗಿದಿತ್ತು. ಆದರೆ ಮನೆಗೆ ಬಂದ ಮೇಲೂ ಅಕ್ಕ ಅದನ್ನು ತೆಗೆಯಲಿಲ್ಲ. ಹಾಗೆಯೇ ಕೂತು ರೊಟ್ಟಿ ಬಡಿಯತೊಡಗಿದಳು.

“ಅವ್ವಾ, ಮುಗೀತು, ತೆಗಿ,” ಎಂದಳು ಮಗಳು, ಜೊತೆಗೆ ಬಂದಿದ್ದ ಗೆಳತಿಯರ ಎದುರು ನಾಚಿಕೊಂಡು.

“ಇರ್ಲಿ. ಹಗುರ ಅದ.”

ಕರಾರು ಹುಡುಗಿಯದಾಗಿತ್ತೋ, ಅಕ್ಕನದೇ ಆಗಿತ್ತೋ? ಕೇಳಬೇಕೆನಿಸಿತು, ನನ್ನ ಬಾಯಿಗೆ ಬಂದದ್ದು ಬೇರೆ ಮಾತು: “ಒಲಿ ಹತ್ರ ಬ್ಯಾಡ ಅಕ್ಕ, ಕಾವಿಗಿ ಮೆತ್ತಗಾಗ್ತದ.”

ಅಕ್ಕ ಎದೆಯ ಭಾಗಕ್ಕೆ ಕಾವು ತಗಲದ ಹಾಗೆ ಓರೆಯಾಗಿ ತಿರುಗಿ ಕೂತು, ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು.